ಸಾಮಾನ್ಯ ಗೆಡ್ಡೆ, ಅಸಾಮಾನ್ಯ ವೇಷ

ಮನುಷ್ಯನ ಮೈಯಲ್ಲಿ ಬೆಳೆಯುವ ಗೆಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಚರ್ಮದಡಿಯ ಕೊಬ್ಬಿನ ಗಂಟು, ಗರ್ಭಕೋಶದ ಫೈಬ್ರಾಯ್ಡ್, ಎಳೆವಯಸ್ಸಿನ ಹೆಣ್ಣುಮಕ್ಕಳ ಸ್ತನದಲ್ಲಿ ಬೆರಳಿಗೆ ಸಿಕ್ಕಿ ಜಾರುವ ಫೈಬ್ರೊಅಡಿನೋಮಾ, ಮಂಡಿಯ ಹತ್ತಿರ ಮೂಳೆಯಿಂದ ಹೊರಚಾಚುವ ಆಸ್ಟಿಯೊಕಾಂಡ್ರೋಮಾ, ಹಸುಗೂಸಿನ ಕೆನ್ನೆಯ ಮೇಲಿನ ಕೆಂಪು ಹೆಮಾಂಜಿಯೋಮಾ ಇವೆಲ್ಲ ಯಾವ ಊರಿನ ವೈದ್ಯರಿಗೂ ಹೊಸತಲ್ಲ. ಇವು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ, ಪಕ್ಕದ ಅಂಗಾಂಶವನ್ನು ಕೊರೆದು ಒಳನುಗ್ಗುವುದಿಲ್ಲ, ರಕ್ತದ ಮೂಲಕ ದೂರದ ಅಂಗಗಳಿಗೆ ಹರಡುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವುಗಳ ಜೀವಕೋಶಗಳು ತಾವು ಹುಟ್ಟಿದ ಅಂಗಾಂಶದ ಜೀವಕೋಶಗಳನ್ನೇ ಬಹುಮಟ್ಟಿಗೆ ಹೋಲುತ್ತವೆ. ರೋಗಶಾಸ್ತ್ರಜ್ಞರು ಒಂದು ಗೆಡ್ಡೆಯನ್ನು ನಿರುಪದ್ರವಿ ಎಂದು ಕರೆಯುವುದು ಈ ಗುಣಗಳನ್ನು ನೋಡಿ. ಅದು ರೋಗಿಗೆ ಎಷ್ಟು ಕಾಟ ಕೊಡುತ್ತಿದೆ ಎಂಬುದು ಆ ವರದಿಯ ಲೆಕ್ಕಕ್ಕೆ ಬರುವುದಿಲ್ಲ.

ಕಾಟವನ್ನು ನಿರ್ಧರಿಸುವುದು ಬೇರೆಯೇ ಸಂಗತಿಗಳು. ಗೆಡ್ಡೆ ಎಲ್ಲಿ ಕೂತಿದೆ, ಎಷ್ಟು ದೊಡ್ಡದಾಗಿದೆ, ರಕ್ತಕ್ಕೆ ಏನನ್ನಾದರೂ ಸುರಿಯುತ್ತಿದೆಯೇ, ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತಿದೆಯೇ ಎಂಬುವು. ಬೆನ್ನಿನ ಮೇಲೆ ಇಪ್ಪತ್ತು ವರ್ಷ ಸುಮ್ಮನಿರುವ ಗಂಟು ಕರುಳಿನ ಗೋಡೆಯಲ್ಲಿ ಬೆಳೆದರೆ ತುರ್ತು ಶಸ್ತ್ರಚಿಕಿತ್ಸೆಗೆ ಕಾರಣವಾಗಬಹುದು. ಆಗ ರೋಗಿ ಗಂಟು ಎಂದು ಹೇಳಿಕೊಂಡು ಬರುವುದೇ ಇಲ್ಲ. ಹೊಟ್ಟೆನೋವು, ಮೂಳೆಮುರಿತ, ಉಬ್ಬಸ, ಹುಚ್ಚು ಎಂಬ ಬೇರೆ ಬೇರೆ ಹೆಸರುಗಳಲ್ಲಿ ಬೇರೆ ಬೇರೆ ವಿಭಾಗಗಳ ಬಾಗಿಲು ತಟ್ಟುತ್ತಾನೆ.

ಇಂಥ ರೋಗಿಗಳು ಕೊನೆಗೆ ಬಂದು ಸೇರುವುದು ದೊಡ್ಡ ಬೋಧನಾ ಆಸ್ಪತ್ರೆಗಳಿಗೆ. ಪುಣೆಯಲ್ಲಿ ಅವು ಹಲವಾರಿವೆ. ರೈಲು ನಿಲ್ದಾಣದ ಮಗ್ಗುಲಲ್ಲೇ ಇರುವ ಸಸೂನ್ ಆಸ್ಪತ್ರೆ ಡೇವಿಡ್ ಸಸೂನ್ ಅವರ ದೇಣಿಗೆಯಿಂದ 1867ರಲ್ಲಿ ಆರಂಭವಾದದ್ದು. 1946ರಲ್ಲಿ ಆರಂಭವಾದ ಬಿ.ಜೆ. ವೈದ್ಯಕೀಯ ಕಾಲೇಜಿಗೆ ಅದೇ ಬೋಧನಾ ಆಸ್ಪತ್ರೆ. ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬರುವ ಕನ್ನಡದ ಕುಟುಂಬಗಳಿಗೆ ಅದು ರೈಲಿಳಿದು ನಡೆದೇ ಹೋಗಬಹುದಾದ ಆಸ್ಪತ್ರೆ. 1948ರಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಪಿಂಪ್ರಿಯ ಡಿ.ವೈ. ಪಾಟೀಲ ವೈದ್ಯಕೀಯ ಕಾಲೇಜು ಇನ್ನೆರಡು ದೊಡ್ಡ ಕೇಂದ್ರಗಳು. ಈ ಎರಡರ ಅಂಗಳದಿಂದಲೂ ವೈದ್ಯಕೀಯ ಪತ್ರಿಕೆಗಳು ಹೊರಡುತ್ತವೆ. ಒಬ್ಬನೇ ರೋಗಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಪ್ರಕರಣ ವರದಿಗೆ ಇಂಥ ಪತ್ರಿಕೆಗಳಲ್ಲಿ ಕಾಯಂ ಜಾಗವಿದೆ.

ಕೊಬ್ಬಿನ ಗಂಟಿನಿಂದ ಆರಂಭಿಸುವುದು ಅನುಕೂಲ, ಏಕೆಂದರೆ ಮೃದು ಅಂಗಾಂಶದ ಗೆಡ್ಡೆಗಳಲ್ಲಿ ಲೈಪೋಮಾದಷ್ಟು ಸಾಮಾನ್ಯವಾದದ್ದು ಇನ್ನೊಂದಿಲ್ಲ. ಸುಮಾರು ನೂರು ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಬೆನ್ನು, ಭುಜ, ಕುತ್ತಿಗೆ, ತೋಳು ಇದರ ಮಾಮೂಲು ಜಾಗಗಳು. ಒತ್ತಿದರೆ ಮೆತ್ತಗಿರುತ್ತದೆ, ಅಂಚು ಹಿಡಿಯಹೋದರೆ ಬೆರಳಿನಡಿ ನುಣುಚಿಕೊಳ್ಳುತ್ತದೆ, ನೋಯುವುದಿಲ್ಲ. ‘ಇರಲಿ ಬಿಡಿ, ಏನೂ ಮಾಡೋದಿಲ್ಲ’ ಎಂದು ವೈದ್ಯರು ಕಳಿಸಿಕೊಟ್ಟರೆ ಹೆಚ್ಚಿನ ಸಲ ಆ ಮಾತು ಸರಿಯೇ. 10 ಸೆಂ.ಮೀ. ಮೀರಿದ ಅಥವಾ 1 ಕಿಲೋಗಿಂತ ಹೆಚ್ಚು ತೂಗುವ ಗಂಟನ್ನು ದೈತ್ಯ ಲೈಪೋಮಾ ಎನ್ನುತ್ತಾರೆ. ವರ್ಷಗಟ್ಟಲೆ ಅಂಗಿಯೊಳಗೆ ಮುಚ್ಚಿಟ್ಟುಕೊಂಡು, ಇನ್ನು ಮುಚ್ಚಿಡಲಾಗದು ಎಂದಾದಾಗ ಬರುವವರೂ ಇದ್ದಾರೆ.

ಅದೇ ಕೊಬ್ಬು ಕರುಳಿನ ಗೋಡೆಯಲ್ಲಿ, ಲೋಳೆಪೊರೆಯ ಕೆಳಗೆ ಗಂಟುಕಟ್ಟಿದರೆ ಕಥೆ ಬದಲಾಗುತ್ತದೆ. 2 ಸೆಂ.ಮೀ. ಒಳಗಿರುವಷ್ಟು ದಿನ ಅದರ ಸುಳಿವೇ ಸಿಗುವುದಿಲ್ಲ. ದೊಡ್ಡದಾದಂತೆ ಕರುಳು ಅದನ್ನು ಆಹಾರದ ತುತ್ತೆಂದೇ ತಿಳಿದು ಮುಂದಕ್ಕೆ ತಳ್ಳಲು ನೋಡುತ್ತದೆ. ಗಂಟು ಗೋಡೆಗೆ ಅಂಟಿಕೊಂಡಿರುವುದರಿಂದ ಗೋಡೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೀಗೆ ಕರುಳಿನ ಒಂದು ತುಂಡು ಮುಂದಿನ ತುಂಡಿನೊಳಗೆ ಮಡಿಸಿದ ಅಂಗಿಯ ತೋಳಿನಂತೆ ತೂರಿಕೊಳ್ಳುತ್ತದೆ. ಇಂಟಸಸೆಪ್ಷನ್ ಎಂಬ ಈ ತೊಂದರೆ ಎಳೆಮಕ್ಕಳಲ್ಲಿ ಸಾಮಾನ್ಯ, ಅಲ್ಲಿ ಹೆಚ್ಚಾಗಿ ಗೆಡ್ಡೆಯ ಪಾತ್ರ ಇರುವುದಿಲ್ಲ. ದೊಡ್ಡವರಲ್ಲಿ ಇದು ಅಪರೂಪ, ಆದರೆ ಬಂದಾಗ ಹೆಚ್ಚಿನ ಸಲ ಒಳಗೊಂದು ಗೆಡ್ಡೆ ಇರುತ್ತದೆ.

ರೋಗಿಯ ಅನುಭವ ಮಾತ್ರ ಗೊಂದಲದ್ದು. ತಿಂಗಳುಗಟ್ಟಲೆ ಬಂದು ಹೋಗುವ ಹಿಂಡುವ ನೋವು, ನಡುನಡುವೆ ವಾಂತಿ, ಕೆಲವೊಮ್ಮೆ ಮಲದಲ್ಲಿ ರಕ್ತ. ತೂರಿದ ಕರುಳು ತಾನಾಗಿ ಬಿಡಿಸಿಕೊಂಡಾಗ ಎಲ್ಲವೂ ನಿಂತುಬಿಡುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತ ದಿನ ಕಳೆಯುವುದು ಇಂಥವರಲ್ಲಿ ಮಾಮೂಲು. ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಬಲಗಡೆಯ ಕೆಳಹೊಟ್ಟೆಯಲ್ಲಿ ನೋವು ಬಂದರೆ ಮೊದಲ ಗುಮಾನಿ ಅಪೆಂಡಿಕ್ಸ್ ಮೇಲೆ. 1924ರ ಜನವರಿ 12ರ ರಾತ್ರಿ, ಯರವಡಾ ಜೈಲಿನಿಂದ ತಂದ ಗಾಂಧೀಜಿಗೆ ಇದೇ ಸಸೂನ್‌ನಲ್ಲಿ ಕರ್ನಲ್ ಮ್ಯಾಡಕ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುತ್ ಕೈಕೊಟ್ಟು ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು. ಹೊಟ್ಟೆ ತೆರೆಯುವ ಮೊದಲು ಒಳಗೇನಿದೆ ಎಂದು ಹೇಳಲು ಆಗಿನವರಿಗೆ ಇದ್ದ ಆಸರೆ ಹೆಚ್ಚಾಗಿ ಕೈಯ ಸ್ಪರ್ಶ ಮತ್ತು ಅನುಭವ. ಇಂದಿನ ಸಿ.ಟಿ. ಸ್ಕ್ಯಾನ್‌ನಲ್ಲಿ ತೂರಿಕೊಂಡ ಕರುಳು ಉಂಗುರದೊಳಗೆ ಉಂಗುರವಾಗಿ ಕಾಣುತ್ತದೆ. ನಡುವಿನ ಗಂಟು ಕೊಬ್ಬಿನದಾದರೆ ಚಿತ್ರದಲ್ಲಿ ಅದು ನೀರಿಗಿಂತ ಕಪ್ಪಾಗಿರುವುದರಿಂದ ಗುರುತು ಹಿಡಿಯುವುದು ಸುಲಭ.

ಲೈಪೋಮಾದ ಇನ್ನೊಂದು ವೇಷ ಮುಂಗೈಯದು. ಮೊಣಕೈಯ ಸ್ವಲ್ಪ ಕೆಳಗೆ, ಸ್ನಾಯುಗಳ ಆಳದಲ್ಲಿ, ಬೆರಳುಗಳನ್ನು ನೆಟ್ಟಗೆ ಮಾಡುವ ನರವೊಂದು ಹಾದುಹೋಗುತ್ತದೆ. ಅಲ್ಲೊಂದು ಕೊಬ್ಬಿನ ಗಂಟು ಬೆಳೆದರೆ ಹೊರಗೆ ಏನೂ ಕಾಣುವುದಿಲ್ಲ, ಮರಗಟ್ಟುವುದೂ ಇಲ್ಲ. ಒಂದೊಂದಾಗಿ ಬೆರಳುಗಳು ಜೋತು ಬೀಳುತ್ತವೆ, ಮಣಿಕಟ್ಟನ್ನು ಮಾತ್ರ ಎತ್ತಬಹುದು. ಪಾರ್ಶ್ವವಾಯು, ಕುತ್ತಿಗೆಯ ಡಿಸ್ಕ್ ಎಂದು ಹುಡುಕಾಟ ಬೇರೆಡೆ ನಡೆಯುವಷ್ಟರಲ್ಲಿ ಸ್ನಾಯು ಸೊರಗಿರುತ್ತದೆ. ಬೇಗ ಗಂಟು ತೆಗೆದರೆ ಬೆರಳು ಹಿಂದಿನಂತಾಗುವ ಸಾಧ್ಯತೆ ಚೆನ್ನಾಗಿದೆ, ತಡವಾದರೆ ಇಲ್ಲ.

ಮೂಳೆಯ ನಿರುಪದ್ರವಿ ಗೆಡ್ಡೆಗಳಲ್ಲಿ ಮೂರನೇ ಒಂದರಷ್ಟು ಆಸ್ಟಿಯೊಕಾಂಡ್ರೋಮಾ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ಟೋಪಿ ಹೊತ್ತ ಮೊಳೆಯಾಗಿ ಹೊರಬರುತ್ತದೆ, ಎತ್ತರ ಬೆಳೆಯುವುದು ನಿಂತಾಗ ಇದೂ ನಿಲ್ಲುತ್ತದೆ. ಎಷ್ಟೋ ಹುಡುಗರಿಗೆ ಇದಿರುವುದು ತಿಳಿಯುವುದು ಪೊಲೀಸ್ ಅಥವಾ ಸೇನಾ ನೇಮಕಾತಿಯ ದೇಹಪರೀಕ್ಷೆಯಲ್ಲಿ. ಅಪಾಯ ಇರುವುದು ಮಂಡಿಯ ಹಿಂಭಾಗದ ಗೆಡ್ಡೆಯಲ್ಲಿ. ಬೆಳವಣಿಗೆ ಮುಗಿದು ಮೃದ್ವಸ್ಥಿ ಗಟ್ಟಿಯಾದ ಮೇಲೆ ಚೂಪಾದ ತುದಿ ಕಾಲಿನ ಮುಖ್ಯ ಅಪಧಮನಿಗೆ ಉಜ್ಜುತ್ತ ಉಜ್ಜುತ್ತ ಒಂದು ದಿನ ಗೋಡೆಯನ್ನು ಸೀಳುತ್ತದೆ. ರಕ್ತ ಸುತ್ತಲೂ ಸೋರಿ ಮಿಡಿಯುವ ಊತವಾಗುತ್ತದೆ. ಕುರು ಎಂದು ಭಾವಿಸಿ ಅದನ್ನು ಕೊಯ್ಯಹೋದರೆ ಅನಾಹುತವೇ. ಊತದ ಮೇಲೆ ಕೈಯಿಟ್ಟು ನಾಡಿಯ ಬಡಿತ ಸಿಗುತ್ತದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ, ಕತ್ತಿ ಎತ್ತುವ ಮೊದಲು ಮಾಡಬೇಕಾದದ್ದು. ಪಕ್ಕೆಲುಬಿನಲ್ಲಿ ಇಂಥದೇ ಮೊಳೆ ಎದ್ದು ಎದೆಗೂಡಿನಲ್ಲಿ ರಕ್ತ ತುಂಬಿದ್ದೂ, ಬೆನ್ನುಮೂಳೆಯಲ್ಲಿ ಬೆಳೆದು ಕಾಲಿನ ಬಲ ಕುಂದಿದ್ದೂ ವೈದ್ಯಕೀಯ ದಾಖಲೆಗಳಲ್ಲಿವೆ.

ಗಾತ್ರದಿಂದಲೇ ಬೆರಗು ಹುಟ್ಟಿಸುವುದು ಅಂಡಾಶಯದ ಗೆಡ್ಡೆಗಳು. ಹೊಟ್ಟೆಯೊಳಗೆ ಜಾಗಕ್ಕೆ ಕೊರತೆಯಿಲ್ಲ, ಕರುಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಹಾಗಾಗಿ ಬೊಜ್ಜು ಎಂದೋ ಬಸಿರು ಎಂದೋ ಎಲ್ಲರೂ ತಿಳಿದಿರುತ್ತಾರೆ. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಗೆ ದಿನ ತುಂಬಿಯೂ ಹೆರಿಗೆಯಾಗಲಿಲ್ಲ. ವೈದ್ಯ ಎಫ್ರೇಮ್ ಮೆಕ್‌ಡೊವೆಲ್ ಪರೀಕ್ಷಿಸಿ ಇದು ಗೆಡ್ಡೆ ಎಂದರು. ಆಕೆ ಕುದುರೆಯ ಮೇಲೆ ಸುಮಾರು 60 ಮೈಲಿ ಪ್ರಯಾಣ ಮಾಡಿ ಡ್ಯಾನ್‌ವಿಲ್‌ನ ಅವರ ಮನೆಗೆ ಬಂದಳು. ಅರಿವಳಿಕೆ ಇನ್ನೂ ಬಂದಿರದ ಆ ಕಾಲದಲ್ಲಿ, ಎಚ್ಚರವಿದ್ದ ರೋಗಿಯಿಂದ 10 ಕಿಲೋದಷ್ಟು ಗೆಡ್ಡೆ ತೆಗೆದರು. ಆಕೆ ಅದಾದ ಮೇಲೆ ಇನ್ನೂ 32 ವರ್ಷ ಬದುಕಿದಳು. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಚರಿತ್ರೆ ಮೊದಲಾಗುವುದೇ ಈ ಗೆಡ್ಡೆಯಿಂದ ಎನ್ನುವುದುಂಟು. 1991ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ಯಾಥರಿನ್ ಒ’ಹ್ಯಾನ್ಲನ್ ಇಡಿಯಾಗಿ ತೆಗೆದ ಅಂಡಾಶಯದ ಗೆಡ್ಡೆ 137.6 ಕಿಲೋ ತೂಗಿ ದಾಖಲೆ ಪುಸ್ತಕ ಸೇರಿತು.

ಗಾತ್ರಕ್ಕಿಂತ ಹೆಚ್ಚು ಮೋಸ ಮಾಡುವುದು ಅಂಡಾಶಯದ ಫೈಬ್ರೋಮಾ. ಗಟ್ಟಿಯಾದ, ಬಿಳಿಯ, ತೀರಾ ಸಾಧುವಾದ ಗೆಡ್ಡೆ ಇದು. ನೂರರಲ್ಲಿ ಒಬ್ಬಿಬ್ಬರಲ್ಲಿ ಮಾತ್ರ ಹೊಟ್ಟೆಯಲ್ಲೂ ಎದೆಗೂಡಿನಲ್ಲೂ, ಹೆಚ್ಚಾಗಿ ಬಲಗಡೆ, ನೀರು ತುಂಬಿಸುತ್ತದೆ. ಬಾಸ್ಟನ್ನಿನ ಜೋ ವಿನ್ಸೆಂಟ್ ಮೇಗ್ಸ್ 1937ರಲ್ಲಿ ಇಂಥ ರೋಗಿಗಳನ್ನು ವಿವರಿಸಿದ್ದರಿಂದ ಇದಕ್ಕೆ ಮೇಗ್ಸ್ ಸಿಂಡ್ರೋಮ್ ಎಂದು ಹೆಸರು. ನಮ್ಮ ನಾಡಿನಲ್ಲಿ ಎದೆಯಲ್ಲಿ ನೀರು ಕಂಡರೆ ಮೊದಲು ನೆನಪಾಗುವುದು ಕ್ಷಯ. ಹೊಟ್ಟೆಯ ನೀರಿನ ಜೊತೆ ಅಂಡಾಶಯದ ಗೆಡ್ಡೆಯೂ ಇದ್ದು, ರಕ್ತದ ಸಿ.ಎ. 125 ಅಂಶ ಏರಿದ್ದರೆ ಹರಡಿದ ಕ್ಯಾನ್ಸರ್ ಎಂಬ ತೀರ್ಮಾನಕ್ಕೆ ಬರುವುದೂ ಸಹಜ. ಆದರೆ ಆ ಅಂಶ ಕ್ಷಯದಲ್ಲೂ ಏರುತ್ತದೆ, ಮೇಗ್ಸ್‌ನಲ್ಲೂ ಏರುತ್ತದೆ. ಗೆಡ್ಡೆ ತೆಗೆದರೆ ಎರಡೂ ಕಡೆಯ ನೀರು ಇಂಗಿಹೋಗುತ್ತದೆ. ಮನೆಯವರು ಆಸೆ ಬಿಟ್ಟಿದ್ದ ರೋಗಿ ನೆಟ್ಟಗೆ ನಡೆದು ಮನೆಗೆ ಹೋಗುತ್ತಾಳೆ.

ಡರ್ಮಾಯ್ಡ್ ಇನ್ನೂ ವಿಚಿತ್ರ. ದೇಹದ ಯಾವ ಅಂಗಾಂಶವಾಗಿಯಾದರೂ ಮಾರ್ಪಡಬಲ್ಲ ಅಂಡಕೋಶವೊಂದು ಅಂಡಾಶಯದೊಳಗೇ ಬೆಳೆಯತೊಡಗಿದಾಗ ಇದು ಹುಟ್ಟುತ್ತದೆ. ರೋಗಶಾಸ್ತ್ರ ವಿಭಾಗದ ಮೇಜಿನ ಮೇಲೆ ಇದನ್ನು ಕೊಯ್ದವರಿಗೆ ಆ ನೋಟ ಮರೆಯುವುದಿಲ್ಲ. ಮೈಯ ಬಿಸಿಗೆ ಎಣ್ಣೆಯಂತಿದ್ದ ಹಳದಿ ಜಿಡ್ಡು ಹೊರಗಿನ ತಣ್ಣನೆಯ ಗಾಳಿಗೆ ಬೆಣ್ಣೆಯ ಹದಕ್ಕೆ ಗಟ್ಟಿಯಾಗುತ್ತದೆ. ಅದರ ನಡುವೆ ಸಿಕ್ಕುಗಟ್ಟಿದ ಕೂದಲ ಉಂಡೆ, ಒಳಗೋಡೆಯ ಒಂದು ಉಬ್ಬಿನಲ್ಲಿ ಪೂರ್ತಿ ರೂಪುಗೊಂಡ ಹಲ್ಲು. ಸೂಕ್ಷ್ಮದರ್ಶಕದಡಿ ಚರ್ಮ, ಮೃದ್ವಸ್ಥಿ, ಥೈರಾಯ್ಡ್, ಮಿದುಳಿನ ಅಂಗಾಂಶ ಎಲ್ಲವೂ ಸಿಗಬಹುದು. ಸಾಮಾನ್ಯವಾಗಿ ಇದು ತೊಂದರೆ ಕೊಡುವುದು ಬುಡದಲ್ಲಿ ತಿರುಚಿಕೊಂಡಾಗ. ಥೈರಾಯ್ಡ್ ಅಂಗಾಂಶವೇ ತುಂಬಿಕೊಂಡರೆ, ಅಪರೂಪಕ್ಕೊಮ್ಮೆ, ಕುತ್ತಿಗೆಯ ಗ್ರಂಥಿ ಸರಿಯಿದ್ದೂ ಥೈರಾಯ್ಡ್ ಹೆಚ್ಚಾದ ಲಕ್ಷಣಗಳೆಲ್ಲ ಕಾಣಿಸಿಕೊಳ್ಳುತ್ತವೆ.

ಮಿದುಳಿನ ಅಂಗಾಂಶವಿರುವ ಡರ್ಮಾಯ್ಡ್ ಮಾಡುವ ಕಿತಾಪತಿ ಬೆಳಕಿಗೆ ಬಂದದ್ದು ಈ ಶತಮಾನದಲ್ಲಿ. ದೇಹದ ರಕ್ಷಣಾ ವ್ಯವಸ್ಥೆ ಗೆಡ್ಡೆಯೊಳಗಿನ ನರಕೋಶಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ, ಅವು ನಿಜವಾದ ಮಿದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೂ ಎರಗುತ್ತವೆ. ಜೋಸೆಪ್ ಡಾಲ್ಮೊ ಮತ್ತು ಸಂಗಡಿಗರು 2007ರಲ್ಲಿ 12 ಹೆಂಗಸರ ವಿವರದೊಂದಿಗೆ ಇದನ್ನು ಸ್ಪಷ್ಟಪಡಿಸಿದರು. ಜ್ವರ, ತಲೆನೋವಿನಿಂದ ಶುರುವಾಗಿ ಕೆಲವೇ ದಿನಗಳಲ್ಲಿ ನಿದ್ದೆ ಕೆಡುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಮಾತು ಕಡಿಮೆಯಾಗುತ್ತದೆ. ಆಮೇಲೆ ಫಿಟ್ಸ್, ಬಾಯಿ ಮತ್ತು ಮುಖದ ವಿಚಿತ್ರ ಚಲನೆ, ಕೊನೆಗೆ ಉಸಿರಾಟವೇ ತಗ್ಗುವುದು. ನಿನ್ನೆಯವರೆಗೆ ಸರಿಯಿದ್ದ ಹುಡುಗಿ ಹೀಗಾದರೆ ಮನೆಯವರಿಗೆ ದೆವ್ವ ಹೊಕ್ಕಿತೆಂಬ ಅನುಮಾನ ಬರುವುದರಲ್ಲಿ ಆಶ್ಚರ್ಯವಿಲ್ಲ. ಮಂತ್ರವಾದಿಯಲ್ಲಿಗೆ ಹೋಗುವವರಿದ್ದಾರೆ, ಮನೋವೈದ್ಯರಲ್ಲಿಗೆ ಹೋಗುವವರಿದ್ದಾರೆ, ಕಿಬ್ಬೊಟ್ಟೆಯ ಸ್ಕ್ಯಾನ್ ಯಾರಿಗೂ ಹೊಳೆಯುವುದಿಲ್ಲ. ಈ ರೋಗ ಗೆಡ್ಡೆಯಿಲ್ಲದೆಯೂ ಬರುತ್ತದೆ, ಗಂಡಸರಿಗೂ ಮಕ್ಕಳಿಗೂ ಬರುತ್ತದೆ. ಆದರೆ ಎಳೆವಯಸ್ಸಿನ ಹೆಣ್ಣಿನಲ್ಲಿ ಡರ್ಮಾಯ್ಡ್ ಸಿಕ್ಕಿದರೆ ಅದನ್ನು ತೆಗೆದು, ಪ್ರತಿಕಾಯ ತಗ್ಗಿಸುವ ಚಿಕಿತ್ಸೆ ಕೊಟ್ಟಾಗ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ, ತಿಂಗಳುಗಳೇ ಹಿಡಿದರೂ.

ಫೈಬ್ರಾಯ್ಡ್ ವಿಷಯದಲ್ಲಿ ಅಚ್ಚರಿಯೆಂದರೆ ಕೆಲವೊಮ್ಮೆ ಅದು ಹೊರಡುವ ಪ್ರಯಾಣ. ಐವತ್ತು ವರ್ಷದೊಳಗೆ ಬಹುತೇಕ ಹೆಂಗಸರಲ್ಲಿ ಸಣ್ಣದೋ ದೊಡ್ಡದೋ ಒಂದಾದರೂ ಇರುತ್ತದೆ, ಅಧಿಕ ಮುಟ್ಟಿನ ಸ್ರಾವ ಅದರ ಪರಿಚಿತ ಮುಖ. ಅತಿ ವಿರಳವಾಗಿ ಅದು ಗರ್ಭಕೋಶದ ಅಭಿಧಮನಿಯೊಳಗೆ ಬಳ್ಳಿಯಾಗಿ ಬೆಳೆದು, ಮಹಾಭಿಧಮನಿ ಹತ್ತಿ ಹೃದಯದ ಬಲ ಕೋಣೆಯವರೆಗೂ ತಲುಪುತ್ತದೆ. ರೋಗಿ ತಲೆಸುತ್ತಿ ಬಿದ್ದು ಹೃದ್ರೋಗ ತಜ್ಞರನ್ನು ಕಾಣುತ್ತಾಳೆ, ಹೃದಯದಲ್ಲಿ ರಕ್ತದ ಹೆಪ್ಪು ಇದೆ ಎಂದು ಚಿಕಿತ್ಸೆ ಶುರುವಾಗುತ್ತದೆ. ಇನ್ನು ಕೆಲವರಲ್ಲಿ, ಫೈಬ್ರಾಯ್ಡ್ ತೆಗೆದು ವರ್ಷಗಳಾದ ಮೇಲೆ ಎದೆಯ ಎಕ್ಸ್‌ರೇಯಲ್ಲಿ ದುಂಡನೆಯ ಮಚ್ಚೆಗಳು ಕಾಣುತ್ತವೆ. ಬಯಾಪ್ಸಿ ಮಾಡಿದರೆ ಅದೇ ನಯಸ್ನಾಯು, ಕ್ಯಾನ್ಸರ್‌ನ ಕುರುಹಿಲ್ಲ. ಹರಡುವುದಿಲ್ಲ ಎಂಬ ನಿಯಮಕ್ಕೆ ಇದು ನೇರ ಅಪವಾದ. ಲ್ಯಾಪರೊಸ್ಕೋಪಿಯಲ್ಲಿ ಗೆಡ್ಡೆಯನ್ನು ಯಂತ್ರದಿಂದ ಚೂರು ಮಾಡಿ ಹೊರತೆಗೆಯುವಾಗ ಒಳಗೇ ಉಳಿದ ಚೂರು ಕರುಳಿನ ಪೊರೆಗೆ ಅಂಟಿ ಮತ್ತೆ ಬೆಳೆದ ಉದಾಹರಣೆಗಳೂ ಇವೆ. ಚೂರುಗಳು ಚದುರದಂತೆ ಚೀಲದೊಳಗಿಟ್ಟು ಕತ್ತರಿಸುವ ಕ್ರಮ ಈಗ ಬಳಕೆಯಲ್ಲಿದೆ.

ಭಾರತದ ಮಟ್ಟಿಗೆ ಹೆಚ್ಚು ಗಮನ ಬೇಡುವುದು ಕುತ್ತಿಗೆಯ ಪ್ಯಾರಾಥೈರಾಯ್ಡ್ ಅಡಿನೋಮಾ. ಥೈರಾಯ್ಡಿನ ಹಿಂದೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಒಂದೊಂದರ ತೂಕ ಸುಮಾರು 40 ಮಿಲಿಗ್ರಾಂ. ಇವನ್ನು ಮೊದಲು ಗುರುತಿಸಿದ್ದು ಮನುಷ್ಯನಲ್ಲಲ್ಲ, ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರಲ್ಲಿ. ಅದನ್ನು ಕೊಯ್ದು ನೋಡಿದವರು ರಿಚರ್ಡ್ ಓವೆನ್. ಒಂದು ಗ್ರಂಥಿಯಲ್ಲಿ ನಿರುಪದ್ರವಿ ಗೆಡ್ಡೆ ಬೆಳೆದರೆ ಅದು ಮೂಳೆಯಿಂದ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕಿತ್ತು ರಕ್ತಕ್ಕೆ ಸುರಿಯುತ್ತದೆ. ಗೆಡ್ಡೆ ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಮೂತ್ರಪಿಂಡದಲ್ಲಿ ಮತ್ತೆ ಮತ್ತೆ ಕಲ್ಲು, ಸವೆದ ಮೂಳೆ, ಸಣ್ಣ ಎಡವಟ್ಟಿಗೇ ಮುರಿಯುವ ತೊಡೆ, ಮಲಬದ್ಧತೆ, ಖಿನ್ನತೆ, ಕೆಲವೊಮ್ಮೆ ಮೇದೋಜೀರಕ ಗ್ರಂಥಿಯ ಉರಿಯೂತ ಇಷ್ಟೂ ಅದರ ಕೆಲಸ. ದವಡೆಯಲ್ಲಿ ಕಂದು ಬಣ್ಣದ ಉಬ್ಬು ಕಂಡು ಮೂಳೆಯ ಕ್ಯಾನ್ಸರ್ ಇರಬೇಕೆಂದು ದಂತವೈದ್ಯರು ಗಾಬರಿಯಾಗುವುದೂ ಉಂಟು.

ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕಪ್ತಾನನ ಕಥೆ ಇಲ್ಲಿ ಹೇಳಲೇಬೇಕಾದದ್ದು. ಮೂಳೆ ಕುಸಿದು ಕುಸಿದು ಆತನ ಎತ್ತರ ಏಳು ಅಂಗುಲ ಕಡಿಮೆಯಾಯಿತು. ಕುತ್ತಿಗೆಯಲ್ಲಿ ಆರು ಸಲ ಹುಡುಕಿದರೂ ಗೆಡ್ಡೆ ಸಿಗಲಿಲ್ಲ. 1932ರಲ್ಲಿ ಬಾಸ್ಟನ್ನಿನಲ್ಲಿ ಏಳನೆಯ ಸಲ ಎದೆಗೂಡನ್ನು ತೆರೆದಾಗ ಅಲ್ಲಿ ಅಡಗಿತ್ತು. ಆದರೆ ಮೂತ್ರಪಿಂಡ ಆಗಲೇ ಕೆಟ್ಟಿತ್ತು, ಕೆಲವೇ ವಾರಗಳಲ್ಲಿ ಕಪ್ತಾನ ತೀರಿಕೊಂಡ. ಪಶ್ಚಿಮದ ದೇಶಗಳಲ್ಲಿ 1970ರ ದಶಕದಿಂದ ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಕ್ಯಾಲ್ಸಿಯಂ ಅಳೆಯುವ ರೂಢಿ ಬಂದಿತು. ಹಾಗಾಗಿ ಅಲ್ಲಿ ಈ ಗೆಡ್ಡೆ ಲಕ್ಷಣ ತೋರುವ ಮೊದಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಈಗಲೂ ಬಹಳ ರೋಗಿಗಳು, ಅದರಲ್ಲೂ ನಡುವಯಸ್ಸಿನ ಹೆಂಗಸರು, ಮೂಳೆ ಮುರಿದ ಮೇಲೆಯೇ ಪತ್ತೆಯಾಗುತ್ತಾರೆ. ವಿಟಮಿನ್ ಡಿ ಕೊರತೆ ಗಾಯದ ಮೇಲೆ ಬರೆ ಎಳೆಯುತ್ತದೆ. ಎರಡನೆಯ ಸಲ ಕಲ್ಲು ತೆಗೆಸಿಕೊಂಡವರಿಗೆ, ಬಿದ್ದ ಪೆಟ್ಟಿಗೆ ಹೊಂದದಷ್ಟು ದೊಡ್ಡ ಮುರಿತವಾದವರಿಗೆ ಒಂದು ಕ್ಯಾಲ್ಸಿಯಂ ಪರೀಕ್ಷೆ ಬರೆದರೆ ಖರ್ಚು ದೊಡ್ಡದಲ್ಲ. ಅದನ್ನು ಬರೆಯದಿರುವುದಕ್ಕೆ ಒಳ್ಳೆಯ ಕಾರಣ ಹುಡುಕುವುದು ಕಷ್ಟ.

ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಹಣೆಯ ಹಿಂದೆ ಬೆಳೆದರೆ ವರ್ಷಗಟ್ಟಲೆ ಬರೀ ಸ್ವಭಾವದ ಬದಲಾವಣೆಯಾಗಿ ಕಾಣುತ್ತದೆ. ಉತ್ಸಾಹ ಕುಂದುತ್ತದೆ, ಮೈಮೇಲಿನ ನಿಗಾ ತಪ್ಪುತ್ತದೆ, ವಾಸನೆ ತಿಳಿಯದಾಗುತ್ತದೆ. ವಯಸ್ಸಾಯಿತು, ಮರೆವು ಎಂದು ಎಲ್ಲರೂ ಸುಮ್ಮನಾಗಿಬಿಡುತ್ತಾರೆ.

ತಪ್ಪು ಎರಡು ದಿಕ್ಕಿನಲ್ಲೂ ಆಗುತ್ತದೆ. ಸಾಧು ಗೆಡ್ಡೆಯನ್ನು ಕ್ಯಾನ್ಸರ್ ಎಂದು ತಿಳಿದು ಅಂಗವನ್ನು ವಿನಾಕಾರಣ ಕಳೆದುಕೊಳ್ಳುವುದು ಒಂದು. ಕ್ಯಾನ್ಸರನ್ನು ಸಾದಾ ಗಂಟೆಂದು ಉಪೇಕ್ಷಿಸುವುದು ಇನ್ನೊಂದು. 5 ಸೆಂ.ಮೀ. ಮೀರಿದ, ಆಳದಲ್ಲಿರುವ, ಬೇಗ ಬೆಳೆಯುತ್ತಿರುವ ಕೊಬ್ಬಿನ ಗಂಟಿಗೆ ಎಂ.ಆರ್.ಐ. ಬೇಕು, ಏಕೆಂದರೆ ಕೊಬ್ಬಿನ ಕ್ಯಾನ್ಸರ್ ಕೂಡ ಹಾಗೇ ಕಾಣುತ್ತದೆ. ಹೊಟ್ಟೆಯ ಹಿಂಗೋಡೆಯ ದೊಡ್ಡ ಕೊಬ್ಬಿನ ಗೆಡ್ಡೆಯನ್ನಂತೂ ಬೇರೆಯೆಂದು ಸಾಬೀತಾಗುವವರೆಗೆ ಕ್ಯಾನ್ಸರ್ ಎಂದೇ ಭಾವಿಸುತ್ತಾರೆ. ಡರ್ಮಾಯ್ಡ್ ನೂರರಲ್ಲಿ ಒಂದೆರಡು ಸಲ, ಒಂಟಿ ಆಸ್ಟಿಯೊಕಾಂಡ್ರೋಮಾ ಅದಕ್ಕಿಂತಲೂ ಕಡಿಮೆ ಸಲ ಕ್ಯಾನ್ಸರ್ ಆಗಿ ತಿರುಗುತ್ತದೆ. ಆದ್ದರಿಂದ ತೆಗೆದ ಗಂಟು ಎಷ್ಟೇ ಸಣ್ಣದಿರಲಿ, ಫಾರ್ಮಲಿನ್ ಡಬ್ಬಿಯಲ್ಲಿ ರೋಗಶಾಸ್ತ್ರ ವಿಭಾಗಕ್ಕೆ ಹೋಗಬೇಕು. ಅಲ್ಲಿ ಮೇಣದಲ್ಲಿ ಅಚ್ಚು ಹಾಕಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳುವಾದ ಹಾಳೆಯಾಗಿ ಸವರಿ, ನೇರಳೆ ಮತ್ತು ಗುಲಾಬಿ ಬಣ್ಣ ಹಾಕಿ ನೋಡಿದ ಮೇಲೆಯೇ ಕೊನೆಯ ಮಾತು. ಸಣ್ಣ ಊರಿನ ಕ್ಲಿನಿಕ್ಕುಗಳಲ್ಲಿ ಗಂಟು ತೆಗೆದು ಬಕೆಟ್ಟಿಗೆ ಹಾಕುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ಹೋಗಬೇಕು.

ಒಬ್ಬ ರೋಗಿಯ ವರದಿಯಿಂದ ಸಾವಿರ ರೋಗಿಗಳ ಬಗ್ಗೆ ಏನನ್ನೂ ಸಾಧಿಸಿದಂತಾಗುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ‘ಅತಿ ವಿರಳ’ ಎಂಬ ತಲೆಬರಹದ ವರದಿಗಳಲ್ಲಿ ಎಷ್ಟೋ ಬಡ್ತಿಗಾಗಿ ಬರೆದಂಥವು ಎಂಬುದು ವೈದ್ಯಲೋಕಕ್ಕೂ ಗೊತ್ತು. ಆದರೂ ಮೇಗ್ಸ್, ಡಾಲ್ಮೊ ಇಬ್ಬರ ಶೋಧವೂ ಬೆರಳೆಣಿಕೆಯ ರೋಗಿಗಳಿಂದಲೇ ಹುಟ್ಟಿತು. ಇತ್ತೀಚಿನ ಇನ್ನೊಂದು ಉದಾಹರಣೆ ಹಸುಗೂಸಿನ ಹೆಮಾಂಜಿಯೋಮಾದ್ದು. ನೂರು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಬರುವ ಈ ಕೆಂಪು ಗಂಟು ಮೊದಲ ತಿಂಗಳುಗಳಲ್ಲಿ ಬೆಳೆದು, ಆಮೇಲೆ ವರ್ಷಗಳಲ್ಲಿ ತಾನಾಗಿ ಕುಗ್ಗುತ್ತದೆ. ಗಡ್ಡ ಬೆಳೆಯುವ ಜಾಗದಲ್ಲಿ ಬಂದಾಗ ಮಾತ್ರ ಗಂಟಲಿನೊಳಗೂ ಇನ್ನೊಂದು ಇರುವ ಸಂಭವವಿದೆ, ಮಗು ಕರ್ಕಶವಾಗಿ ಉಸಿರೆಳೆಯತೊಡಗುತ್ತದೆ. ನೆಗಡಿ, ಕಫ ಎಂದು ಅದಕ್ಕೆ ಔಷಧಿ ನಡೆಯುತ್ತದೆ. ಹಿಂದೆ ಸ್ಟಿರಾಯ್ಡೇ ಮುಖ್ಯ ದಾರಿಯಾಗಿತ್ತು. ಫ್ರಾನ್ಸಿನ ಬೋರ್ಡೊದಲ್ಲಿ ಹಾಗೆ ಸ್ಟಿರಾಯ್ಡ್ ಪಡೆಯುತ್ತಿದ್ದ ಮಗುವೊಂದರ ಹೃದಯದ ಸ್ನಾಯು ದಪ್ಪಗಾಯಿತು, ಅದಕ್ಕೆಂದು ಪ್ರೊಪ್ರನೊಲಾಲ್ ಎಂಬ ಔಷಧಿ ಕೊಟ್ಟರು. ಮರುದಿನವೇ ಮೂಗಿನ ಮೇಲಿನ ಗಂಟು ಕಡುಗೆಂಪಿನಿಂದ ನೇರಳೆಗೆ ತಿರುಗಿ ಮೆತ್ತಗಾಯಿತು. ಕ್ರಿಸ್ಟೀನ್ ಲೆಯೊತೆ ಲಾಬ್ರೆಜ್ ಮತ್ತು ಸಂಗಡಿಗರು 2008ರಲ್ಲಿ 11 ಮಕ್ಕಳ ಅನುಭವವನ್ನು ಪ್ರಕಟಿಸಿದರು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಳಕೆಗೆ ಒಪ್ಪಿಗೆ ಕೊಟ್ಟಿತು. ಚಿಕಿತ್ಸೆ ಬೇಕಾದ ಹೆಮಾಂಜಿಯೋಮಾಗೆ ಈಗ ಮೊದಲ ಔಷಧಿ ಇದೇ. ಆರಂಭಿಸುವ ಮೊದಲು ಮಗುವಿನ ಹೃದಯವನ್ನು ಪರೀಕ್ಷಿಸಿರಬೇಕು, ರಕ್ತದ ಸಕ್ಕರೆ ಇಳಿಯದಂತೆ ಹಾಲು ಕುಡಿಸಿದ ಮೇಲೆಯೇ ಕೊಡಬೇಕು, ಮಗು ವಾಂತಿ ಮಾಡುತ್ತಿದ್ದರೆ ಅಥವಾ ಹಾಲು ಬಿಟ್ಟಿದ್ದರೆ ಆ ಹೊತ್ತಿನ ಡೋಸ್ ನಿಲ್ಲಿಸಬೇಕು.